ಒಂದು ಊರಿನ ಚರಿತ್ರೆಯನ್ನು ಕಾಲೇಜು ಗ್ರಂಥಾಲಯದಲ್ಲಿ ಹುಡುಕುವ ಕ್ರಮ

ಊರಿನ ಚರಿತ್ರೆ ಬರೆಯಹೊರಟವರ ಕೈಗೆ ಮೊದಲು ಸಿಗುವುದು ಸಾಮಾನ್ಯವಾಗಿ ಜಾತ್ರೆಯದೋ ಸಹಕಾರಿ ಸಂಘದ ಸುವರ್ಣ ಮಹೋತ್ಸವದ್ದೋ ಸ್ಮರಣ ಸಂಚಿಕೆ. ಅದರ ಲೇಖನವನ್ನು ಹಿಂದಿನ ಸಂಚಿಕೆಯಿಂದ ಎತ್ತಿರುತ್ತಾರೆ, ಅದನ್ನು ಅದಕ್ಕೂ ಹಿಂದಿನದರಿಂದ. 'ಚೋಳರ ಕಾಲದ ದೇವಾಲಯ' ಎಂಬ ಮಾತು ಹೀಗೆ ಮೂರು ತಲೆಮಾರು ದಾಟಿ ಬಂದಿರುತ್ತದೆ, ಅದಕ್ಕೆ ಆಧಾರವೇನೆಂದು ಯಾರೂ ಕೇಳಿರುವುದಿಲ್ಲ. ಆಧಾರ ಎಷ್ಟೋ ಸಲ ಹತ್ತಿರದ ಪದವಿ ಕಾಲೇಜಿನ ಗ್ರಂಥಾಲಯದ ಕೆಳಗಿನ ಕಪಾಟಿನಲ್ಲೇ ಇರುತ್ತದೆ. ಸಿಗದೆ ಹೋಗುವುದು ಹುಡುಕುವ ಕ್ರಮ ತಪ್ಪಿದ್ದರಿಂದ.

ಮೊದಲು ಊರಿನ ಆಡಳಿತದ ಜಾತಕ

ಗ್ರಂಥಾಲಯಕ್ಕೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ನಿಮ್ಮ ಊರು 1881ರಲ್ಲಿ, 1931ರಲ್ಲಿ, 1951ರಲ್ಲಿ, 1961ರಲ್ಲಿ ಮತ್ತು ಈಗ ಯಾವ ಹೋಬಳಿ, ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾವ ಸರ್ಕಾರಕ್ಕೆ ಸೇರಿತ್ತು? ಯಾವ ಪುಸ್ತಕ ತೆಗೆಯಬೇಕು ಎಂಬುದು ಈ ಉತ್ತರದ ಮೇಲೆ ನಿಂತಿದೆ.

1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಮುಂಬಯಿಗೆ ಸೇರಿದ್ದವು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿನಲ್ಲಿದ್ದವು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದರಾಸಿನಲ್ಲಿದ್ದವು, ಕೊಡಗು ಪ್ರತ್ಯೇಕವಾಗಿತ್ತು, ಉಳಿದದ್ದು ಮೈಸೂರು. ಉತ್ತರ ಕನ್ನಡ 1862ರವರೆಗೆ ಮದರಾಸಿನಲ್ಲೇ ಇತ್ತು. ಹಾಗಾಗಿ ಹೊನ್ನಾವರದ 1840ರ ಕಾಗದವನ್ನು ಮುಂಬಯಿಯ ಸರಣಿಯಲ್ಲಿ ಹುಡುಕಿದರೆ ಸಿಗದು.

ಹರಪನಹಳ್ಳಿಯನ್ನು ನೋಡಿ. ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಈ ತಾಲ್ಲೂಕಿನ ಹಳ್ಳಿಯೊಂದರ ಹಳೆಯ ವಿವರಕ್ಕೆ ದಾವಣಗೆರೆಯ ಪುಸ್ತಕ ತಿರುವಿದರೆ ಪ್ರಯೋಜನವಿಲ್ಲ. 1904ರ ಬಳ್ಳಾರಿ ಗೆಜೆಟಿಯರ್, ಅಂದರೆ ಸರ್ಕಾರ ಹೊರತಂದ ಜಿಲ್ಲಾ ವಿವರಗ್ರಂಥ ಬೇಕು. ಹಾಗೆಯೇ ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೆ ಮುಂಚಿನ ಪ್ರಕಟಣೆಗಳಲ್ಲಿ ಮಂಡ್ಯ, ನಾಗಮಂಗಲ, ಮಳವಳ್ಳಿ ಎಲ್ಲವೂ ಮೈಸೂರು ಜಿಲ್ಲೆಯಡಿ ಇವೆ. ಚಿಕ್ಕಮಗಳೂರು ಜಿಲ್ಲೆ ಹಳೆಯ ಪುಸ್ತಕಗಳಲ್ಲಿ ಕಡೂರು ಜಿಲ್ಲೆ.

ಊರ ಹೆಸರುಗಳೂ ಬದಲಾಗಿವೆ. ಪಾಂಡವಪುರ ಬ್ರಿಟಿಷರ ಬರಹಗಳಲ್ಲಿ ಫ್ರೆಂಚ್ ರಾಕ್ಸ್, ರಾಮನಗರ ಕ್ಲೋಸ್‌ಪೇಟೆ, ಕೃಷ್ಣರಾಜಪೇಟೆ ಅತ್ತಿಕುಪ್ಪೆ, ಕೃಷ್ಣರಾಜನಗರ ಯೆಡತೊರೆ, ಸಕಲೇಶಪುರ ತಾಲ್ಲೂಕು ಮಂಜರಾಬಾದ್. ಇನ್ನೂ ಹಿಂದೆ ಹೋದರೆ ಹಳಗನ್ನಡದ ಪಕಾರ ಎದುರಾಗುತ್ತದೆ: ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್, ಹುಂಚ ಪೊಂಬುಚ್ಚ, ಹಲ್ಮಿಡಿ ಪಲ್ಮಿಡಿ. ಆದ್ದರಿಂದ ಊರ ಹೆಸರು ಹಕಾರದಿಂದ ಶುರುವಾಗುತ್ತಿದ್ದರೆ ಸೂಚಿಯಲ್ಲಿ ಪಕಾರದಡಿಯೂ ಒಮ್ಮೆ ನೋಡಿ. ಹೆಸರೇ ಪೂರ್ತಿ ಬದಲಾದವೂ ಉಂಟು: ಹಳೇಬೀಡು ದೋರಸಮುದ್ರ, ಲಕ್ಷ್ಮೇಶ್ವರ ಪುಲಿಗೆರೆ. ನಿಮ್ಮ ಹಾಳೆಯ ಬಲಬದಿಯಲ್ಲಿ ಈ ಎಲ್ಲ ರೂಪಗಳಿಗೂ ಜಾಗ ಬಿಡಿ.

ಗ್ರಂಥಾಲಯದೊಳಗೆ

ನೀವು ಆ ಕಾಲೇಜಿನ ವಿದ್ಯಾರ್ಥಿಯೋ ಅಧ್ಯಾಪಕರೋ ಅಲ್ಲದಿದ್ದರೆ ಪ್ರಾಂಶುಪಾಲರಿಗೆ ಒಂದು ಪುಟದ ಮನವಿ ಬರೆದುಕೊಂಡು ಹೋಗಿ. ವಿಷಯ, ಎಷ್ಟು ದಿನ, ಯಾವ ವಿಭಾಗದ ಪುಸ್ತಕಗಳು ಎಂಬುದನ್ನು ಸ್ಪಷ್ಟವಾಗಿ ಹೇಳಿ. ಮನೆಗೆ ಒಯ್ಯಲು ಕೇಳಬೇಡಿ, ಅಲ್ಲೇ ಕೂತು ಓದಲು ಕೇಳಿ. ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ. ಪರೀಕ್ಷೆಯ ತಿಂಗಳಲ್ಲಿ ಹೋಗಬೇಡಿ. ಆಗ ಕೂರಲು ಜಾಗವೂ ಇರುವುದಿಲ್ಲ, ಗ್ರಂಥಪಾಲಕರಿಗೆ ಬಿಡುವೂ ಇರುವುದಿಲ್ಲ.

ಬಹುತೇಕ ಕಾಲೇಜುಗಳಲ್ಲಿ ಡ್ಯೂಯಿ ದಶಮಾಂಶ ವರ್ಗೀಕರಣವಿದೆ. ಕರ್ನಾಟಕದ ಇತಿಹಾಸಕ್ಕೆ 954.87, ಭೂವಿವರಣೆ ಮತ್ತು ಪ್ರವಾಸಕ್ಕೆ 915.487, ಜಾನಪದಕ್ಕೆ 398, ಕನ್ನಡ ಸಾಹಿತ್ಯಕ್ಕೆ 894.814. ಶಾಸನ ಸಂಪುಟಗಳು ಎಲ್ಲಿವೆ ಎಂಬುದು ಮಾತ್ರ ಆಯಾ ಗ್ರಂಥಪಾಲಕರ ಮರ್ಜಿ. ಕೆಲವೆಡೆ ಇತಿಹಾಸದಲ್ಲಿ, ಕೆಲವೆಡೆ ಭಾಷಾಶಾಸ್ತ್ರದಲ್ಲಿ, ಹೆಚ್ಚಿನ ಕಡೆ ಬೀಗ ಹಾಕಿದ ಪರಾಮರ್ಶನ ಕಪಾಟಿನಲ್ಲಿ. ಕೇಳಿಯೇ ತಿಳಿಯಬೇಕು.

ಗಣಕದಲ್ಲಿ ಹುಡುಕುವಾಗ ಎರಡು ತೊಡಕು. ಒಂದು, ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಅಕ್ಷರದಲ್ಲಿ, ಟೈಪ್ ಮಾಡಿದವರಿಗೆ ತೋಚಿದಂತೆ ಹಾಕಿರುತ್ತಾರೆ. 'ಶಾಸನ' ಎಂಬ ಒಂದೇ ಪದಕ್ಕೆ ಮೂರು ನಾಲ್ಕು ಕಾಗುಣಿತ ಪ್ರಯತ್ನಿಸಬೇಕು. ಇನ್ನೊಂದು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಹಿಂದಿನ ಸರ್ಕಾರಿ ಪ್ರಕಟಣೆಗಳು 'ಮೈಸೂರು' ಎಂಬ ಹೆಸರಿನಡಿ ಮಾತ್ರ ಸಿಗುತ್ತವೆ.

ಗಣಕದಲ್ಲಿ ಇಲ್ಲವೆಂದರೆ ಪುಸ್ತಕವೇ ಇಲ್ಲವೆಂದು ತಿಳಿಯಬೇಡಿ. ಹಳೆಯ ಕಾಲೇಜಾದರೆ ಪರಿಗ್ರಹಣ ದಾಖಲೆಯನ್ನು, ಅಂದರೆ ಅಕ್ಸೆಷನ್ ರಿಜಿಸ್ಟರನ್ನು ನೋಡಲು ಅನುಮತಿ ಕೇಳಿ. ಪುಸ್ತಕ ಬಂದ ಕ್ರಮದಲ್ಲಿ ಅದರಲ್ಲಿ ನಮೂದಿರುತ್ತದೆ. 'ದಾನ' ಎಂದು ಬರೆದಿರುವ ಸಾಲುಗಳ ಮೇಲೆ ಕಣ್ಣಾಡಿಸಿ. ನಿವೃತ್ತ ವಕೀಲರು, ಶಾನುಭೋಗರ ಮನೆತನದವರು, ಅಧ್ಯಾಪಕರು ಕೊಟ್ಟ ಪುಸ್ತಕಗಳು ವರ್ಷಗಟ್ಟಲೆ ಗಣಕಕ್ಕೆ ಏರದೆ ಉಳಿದಿರುತ್ತವೆ. ಸ್ಥಳೀಯ ಚರಿತ್ರೆಗೆ ಬೇಕಾದ್ದು ಬಹಳಷ್ಟು ಅಲ್ಲೇ ಇರುವುದು.

ಶಾಸನ ಸಂಪುಟ ಓದುವ ಬಗೆ

ಹಳೆಯ ಮೈಸೂರಿನ ಊರಾದರೆ ಮೊದಲು ತೆಗೆಯಬೇಕಾದ್ದು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸರಣಿ. ಬಿ.ಎಲ್. ರೈಸ್ ಸಂಪಾದಿಸಿದ 12 ಸಂಪುಟಗಳು 1886ರಿಂದ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳವರೆಗೆ ಹೊರಬಂದವು. ಹಂಚಿಕೆ ಹೀಗಿದೆ: 1 ಕೊಡಗು, 2 ಶ್ರವಣಬೆಳಗೊಳ, 3 ಮತ್ತು 4 ಮೈಸೂರು, 5 ಹಾಸನ, 6 ಕಡೂರು, 7 ಮತ್ತು 8 ಶಿವಮೊಗ್ಗ, 9 ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ಇಲ್ಲಿಯೂ ಆಗಿನ ಜಿಲ್ಲೆಗಳನ್ನೇ ಹಿಡಿಯಬೇಕು. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿದ್ದರೂ ಶಾಸನಗಳಿರುವುದು ಶಿವಮೊಗ್ಗದ 7ನೇ ಸಂಪುಟದಲ್ಲಿ. ಚಿಕ್ಕಬಳ್ಳಾಪುರದವು ಕೋಲಾರದ 10ರಲ್ಲಿ.

ಸಂಪುಟದೊಳಗೆ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಪ್ರತಿ ತಾಲ್ಲೂಕಿಗೂ 1ರಿಂದ ಸಂಖ್ಯೆ ಕೊಟ್ಟಿದ್ದಾರೆ. ಒಂದೇ ಶಾಸನ ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ ಎಂದು ಬೇರೆ ಬೇರೆ ಭಾಗಗಳಲ್ಲಿ ಬರುತ್ತದೆ, ಒಂದೊಂದು ಭಾಗಕ್ಕೂ ಪುಟಸಂಖ್ಯೆ ಹೊಸದಾಗಿ ಶುರುವಾಗುತ್ತದೆ. 'ಪುಟ 45' ಎಂದಷ್ಟೇ ಬರೆದುಕೊಂಡವರು ಆರು ತಿಂಗಳ ಮೇಲೆ ಯಾವ 45 ಎಂದು ತಿಳಿಯದೆ ಪರದಾಡುತ್ತಾರೆ. ಆದ್ದರಿಂದ ಪುಟವನ್ನಲ್ಲ, ಶಾಸನದ ಸಂಖ್ಯೆಯನ್ನು ಹಿಡಿಯಿರಿ: ಸಂಪುಟ 5, ಬೇಲೂರು 58, ಹೀಗೆ.

ಇನ್ನೊಂದು ಗೊಂದಲವೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಇದೇ ಹೆಸರಿನಲ್ಲಿ ಪರಿಷ್ಕೃತ ಸಂಪುಟಗಳನ್ನು ತಂದಿದೆ. ಅವುಗಳ ಸಂಪುಟ ಸಂಖ್ಯೆಯೂ ಶಾಸನ ಸಂಖ್ಯೆಯೂ ಬೇರೆ. ರೈಸ್ ಅವರ 9ನೇ ಸಂಪುಟವೆಂದರೆ ಬೆಂಗಳೂರು, ಪರಿಷ್ಕೃತ 9 ಎಂದರೆ ಬೇಲೂರು. ಟಿಪ್ಪಣಿಯಲ್ಲಿ 'ಹಳೆಯದು' ಅಥವಾ 'ಪರಿಷ್ಕೃತ' ಎಂದು ಸೇರಿಸದಿದ್ದರೆ ನಿಮ್ಮ ಉಲ್ಲೇಖ ಯಾರಿಗೂ ಉಪಯೋಗವಾಗದು. ಎರಡೂ ಇದ್ದರೆ ಪರಿಷ್ಕೃತವನ್ನೇ ಓದಿ. ಹಳೆಯದರಲ್ಲಿ ಬಿಟ್ಟುಹೋದ ಸಾಲುಗಳು, ತಪ್ಪು ಓದುಗಳು ಹಲವೆಡೆ ತಿದ್ದಿಕೊಂಡಿವೆ.

ರೈಸ್ ಅವರ ಪಟ್ಟಿಯಲ್ಲಿ ನಿಮ್ಮ ಊರು ಇಲ್ಲವೇ? ಅಷ್ಟಕ್ಕೇ ನಿಲ್ಲಬೇಡಿ. ಹಲ್ಮಿಡಿ ಶಾಸನವೇ ಅವರ ಬೇಲೂರು ಪಟ್ಟಿಯಲ್ಲಿಲ್ಲ. ಅದನ್ನು ಎಂ.ಎಚ್. ಕೃಷ್ಣ ಪತ್ತೆ ಮಾಡಿದ್ದು 1936ರಲ್ಲಿ, ಅಚ್ಚಾದದ್ದು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ. ಹೀಗೆ ಆಮೇಲೆ ಸಿಕ್ಕಿದ ಶಾಸನಗಳಿಗಾಗಿ ಆ ವಾರ್ಷಿಕ ವರದಿಗಳನ್ನೂ ಎಪಿಗ್ರಾಫಿಯಾ ಕರ್ನಾಟಿಕಾದ 14 (ಮೈಸೂರು, ಮಂಡ್ಯ), 15 (ಹಾಸನ), 16 (ತುಮಕೂರು), 17 (ಕೋಲಾರ) ಪೂರಕ ಸಂಪುಟಗಳನ್ನೂ ನೋಡಲೇಬೇಕು.

ಹಳೆಯ ಮೈಸೂರಿನ ಹೊರಗಿನವರಿಗೆ ದಾರಿ ಬೇರೆ. ದಕ್ಷಿಣ ಭಾರತದ ಶಾಸನಗಳು ಎಂಬ ಕೇಂದ್ರ ಸರ್ಕಾರದ ಸರಣಿಯಲ್ಲಿ 7ನೆಯದು ಕರಾವಳಿಗೆ, 9ರ ಎರಡು ಭಾಗಗಳು ಬಳ್ಳಾರಿ ಕಡೆಗೆ, 11, 15, 18 ಮತ್ತು 20 ಮುಂಬಯಿ ಕರ್ನಾಟಕಕ್ಕೆ ಬೇಕಾದವು. ಇವುಗಳಲ್ಲಿ ಪೂರ್ಣ ಅನುವಾದ ನಿರೀಕ್ಷಿಸಬೇಡಿ. ಶಾಸನದ ತಲೆಯಲ್ಲಿ ಚಿಕ್ಕ ಟಿಪ್ಪಣಿ ಇದ್ದರೆ ಹೆಚ್ಚು. ಹೈದರಾಬಾದ್ ಕರ್ನಾಟಕಕ್ಕೆ ಹೈದರಾಬಾದ್ ಪುರಾತತ್ವ ಸರಣಿಯ 18ನೇ ಪ್ರಕಟಣೆ ಆರಂಭದ ಮೆಟ್ಟಿಲು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳು ಕನ್ನಡದಲ್ಲೇ ಇರುವುದರಿಂದ ಹೊಸಬರಿಗೆ ಅನುಕೂಲ.

ಅನುವಾದ ನೋಡಿ ತೃಪ್ತರಾಗಬೇಡಿ, ಕನ್ನಡ ಪಾಠವನ್ನೂ ಓದಿ. ಅನುವಾದಕರು ಗಡಿಯ ವಿವರ, ಸಾಕ್ಷಿಗಳ ಹೆಸರು, ಕೊನೆಯ ಶಾಪವಾಕ್ಯವನ್ನು ಎಷ್ಟೋ ಕಡೆ ಮೊಟಕುಗೊಳಿಸಿದ್ದಾರೆ. ರಾಜನ ಬಿರುದಾವಳಿಯ ಹದಿನೈದು ಸಾಲುಗಳಿಗಿಂತ ನಿಮಗೆ ಬೇಕಾದ್ದು ಆ ಗಡಿಯ ಮೂರು ಸಾಲು. ಅಲ್ಲಿ ಕೆರೆ, ಹಳ್ಳ, ಹುಣಸೆಮರ, ಪಕ್ಕದ ಊರುಗಳ ಹೆಸರು ಇರುತ್ತವೆ. ತೂಬಿನ ಬಳಿ ಕೆರೆಯ ಸಲುವಾಗಿ ಬಿಟ್ಟ ಬಿತ್ತುವಟ್ಟ, ಕೆರೆ ಕಟ್ಟಿಸಿದವನಿಗೆ ಕೊಟ್ಟ ಕಟ್ಟುಕೊಡಗೆ, ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ನೆತ್ತರುಕೊಡಗೆ ಇವೆಲ್ಲ ಊರಿನ ಆರ್ಥಿಕತೆಯ ನೇರ ಸಾಕ್ಷ್ಯ. ಅರ್ಥ ತಿಳಿಯದಿದ್ದರೆ ಕಿಟ್ಟೆಲ್ ನಿಘಂಟನ್ನೂ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮತ್ತರು, ಖಂಡುಗ, ಕೊಳಗ ಎಂಬ ಹಳೆಯ ಅಳತೆಗಳನ್ನು ಮಾತ್ರ ಎಕರೆಗೋ ಕಿಲೋಗೋ ಇಳಿಸಹೋಗಬೇಡಿ. ಅಳತೆಯ ಪ್ರಮಾಣ ಊರಿಂದೂರಿಗೆ ಬೇರೆಯಾಗಿತ್ತು.

ತೇದಿಯನ್ನು ನೀವೇ ತಾಳೆ ನೋಡಿ

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಶಕವರ್ಷ ಶುರುವಾಗುವುದು ಚೈತ್ರದಲ್ಲಿ. ಮಾಘ, ಫಾಲ್ಗುಣದ ಶಾಸನಕ್ಕೆ 79 ಕೂಡಿಸಬೇಕು. ಪುಷ್ಯ ಎರಡು ವರ್ಷಗಳ ನಡುವೆ ಬೀಳುವುದರಿಂದ ತಿಥಿ ನೋಡಿ ತೀರ್ಮಾನಿಸಬೇಕು.

ಸಂವತ್ಸರದ ಹೆಸರು ಇದ್ದರೆ ಸುಲಭದ ಪರೀಕ್ಷೆಯೊಂದಿದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಕೊನೆಯ ಅಕ್ಷಯ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ಶಾಸನದಲ್ಲಿ ಶಕ 1039, ಹೇವಿಳಂಬಿ, ಚೈತ್ರ ಎಂದಿದೆ. 1039ಕ್ಕೆ 12 ಕೂಡಿಸಿದರೆ 1051, 60ರಿಂದ ಭಾಗಿಸಿದರೆ ಶೇಷ 31, ಮೂವತ್ತೊಂದನೆಯದು ಹೇವಿಳಂಬಿ. ತಾಳೆಯಾಯಿತು, ವರ್ಷ 1117.

ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ. ಕಳೆದ ಶಕವರ್ಷದ ಬದಲು ನಡೆಯುತ್ತಿರುವ ವರ್ಷವನ್ನು ಬರೆದಿರಬಹುದು. ಹತ್ತು, ಇಪ್ಪತ್ತು ವರ್ಷಗಳ ಅಂತರ ಬಂದರೆ ಅಂಕಿಯನ್ನು ತಪ್ಪಾಗಿ ಓದಿದ್ದಾರೆ, ಇಲ್ಲವೇ ಅದು ಆಮೇಲೆ ಬರೆಸಿದ ಪ್ರತಿ. ತಾಮ್ರಪಟವಾಗಿದ್ದರೆ ಕೂಟಶಾಸನದ, ಅಂದರೆ ಖೋಟಾ ಶಾಸನದ ಅನುಮಾನವನ್ನೂ ಇಟ್ಟುಕೊಳ್ಳಿ. ವಾರ, ತಿಥಿ, ಗ್ರಹಣ ತಾಳೆ ಹಾಕಲು ಸ್ವಾಮಿಕಣ್ಣು ಪಿಳ್ಳೆಯವರ 1922ರ ಪಂಚಾಂಗ ಸಂಪುಟಗಳು ಇತಿಹಾಸ ವಿಭಾಗವಿರುವ ಹಳೆಯ ಕಾಲೇಜುಗಳಲ್ಲಿ ಸಿಗಬಹುದು. ಚಾಲುಕ್ಯರ ಶಾಸನಗಳಲ್ಲಿ ಬರುವ ಚಾಲುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಿ. ಕಂದಾಯ ಕಾಗದಗಳ ಫಸಲಿ ವರ್ಷಕ್ಕೆ 590 ಕೂಡಿಸಿ. ಫಸಲಿ 1300 ಎಂದರೆ 1890-91.

ಗೆಜೆಟಿಯರ್, ಗಣತಿ, ಸಭೆಯ ನಡವಳಿಕೆ

ಹತ್ತೊಂಬತ್ತನೇ ಶತಮಾನಕ್ಕೆ ಬಂದ ಮೇಲೆ ಕಾಗದ ಸಮೃದ್ಧ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕರಾವಳಿಯ ಕನ್ನಡ ಜಿಲ್ಲೆ (ಕೆನರಾ), ಮಲಬಾರುಗಳಲ್ಲಿ ತಿರುಗಿ ಬರೆದ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಬೆಳೆ, ನೇಯ್ಗೆ, ಕಬ್ಬಿಣದ ಕುಲುಮೆ, ಸಂತೆಯ ವಿವರಕ್ಕೆ ಅದಕ್ಕೆ ಸಮನಾದದ್ದಿಲ್ಲ. ಅವರ ಕಾಗುಣಿತ ವಿಚಿತ್ರ, ಊರ ಹೆಸರನ್ನು ಬಾಯಲ್ಲಿ ಹೇಳಿಕೊಂಡೇ ಗುರುತಿಸಬೇಕು. ಆಮೇಲಿನವು ರೈಸ್ ಅವರ ಮೈಸೂರು ಗೆಜೆಟಿಯರ್ (1876-78, ಪರಿಷ್ಕರಣೆ 1897), ಹಯವದನರಾಯರದು (1927-30), ಮುಂಬಯಿ ಗೆಜೆಟಿಯರಿನ ಕೆನರಾ, ಅಂದರೆ ಉತ್ತರ ಕನ್ನಡ (1883), ಧಾರವಾಡ, ಬೆಳಗಾವಿ, ವಿಜಾಪುರ (1884) ಸಂಪುಟಗಳು, ದಕ್ಷಿಣ ಕನ್ನಡದ ಮ್ಯಾನ್ಯುಅಲ್ (1894-95). ಒಂದರ ಮಾತನ್ನು ಇನ್ನೊಂದು ನಕಲು ಮಾಡಿರುವುದು ಸಾಮಾನ್ಯ. ಮೂರು ಗೆಜೆಟಿಯರುಗಳಲ್ಲಿ ಒಂದೇ ಐತಿಹ್ಯ ಕಂಡರೆ ಅದನ್ನು ಮೂರು ಸಾಕ್ಷ್ಯವೆಂದು ಲೆಕ್ಕ ಹಾಕಬೇಡಿ.

ಜನಗಣತಿಯಲ್ಲಿ ಹಳ್ಳಿಯ ಮಟ್ಟದ ಅಂಕಿಗೆ 1951ರಿಂದ ಬರುತ್ತಿರುವ ಜಿಲ್ಲಾ ಗಣತಿ ಕೈಪಿಡಿಗಳನ್ನು ತೆಗೆಯಿರಿ. ಆಯ್ದ ಕೆಲವು ಹಳ್ಳಿಗಳಿಗೆ 1961ರ ಗಣತಿಯ ಅಂಗವಾಗಿ ಪ್ರತ್ಯೇಕ ಗ್ರಾಮ ಸಮೀಕ್ಷೆಯ ಪುಸ್ತಕವೇ ಇದೆ. ನಿಮ್ಮ ಊರು ಅದರಲ್ಲಿದ್ದರೆ ಅದೃಷ್ಟ. ಅದಕ್ಕೂ ಹಿಂದಿನ ಅಂಕಿಗಳನ್ನು ಓದುವಾಗ ಧಾತು-ಈಶ್ವರ ಸಂವತ್ಸರಗಳ ಬರ ನೆನಪಿರಲಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಳೆಯ ಪಟ್ಟಿಯಲ್ಲಿದ್ದ ಹಳ್ಳಿ ಮುಂದಿನ ಪಟ್ಟಿಯಲ್ಲಿ ಬೇಚಿರಾಕ್ (ಜನವಸತಿಯಿಲ್ಲದ ಊರು) ಎಂದು ಬಂದಿದ್ದರೆ ಬರ, ಪ್ಲೇಗು, ಕೆರೆ ಮುಳುಗಡೆ ಈ ಮೂರನ್ನೂ ಪರಿಶೀಲಿಸಿ. ಶಾಸನದಲ್ಲಿ ಹೆಸರಿದ್ದು ಈಗ ಕಾಣದ ಊರುಗಳು ಕಂದಾಯ ಪಟ್ಟಿಯಲ್ಲಿ ಬೇಚಿರಾಕ್ ಗ್ರಾಮವಾಗಿ ಉಳಿದಿರುವುದು ಬಹಳ.

ಜನ ಹೆಚ್ಚು ಮುಟ್ಟದ ಆಕರ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಕೆಗಳು. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಶುರುವಾದ ಈ ಸಭೆಯಲ್ಲಿ ತಾಲ್ಲೂಕುಗಳ ಪ್ರತಿನಿಧಿಗಳು ತಮ್ಮ ಕಡೆಯ ಬೇಡಿಕೆ ಮಂಡಿಸುತ್ತಿದ್ದರು: ಕೆರೆ ಕೋಡಿ ಒಡೆದಿದೆ, ಆಸ್ಪತ್ರೆ ಬೇಕು, ಸಂತೆಗೆ ರಸ್ತೆ ಇಲ್ಲ. ಪಕ್ಕದಲ್ಲೇ ಸರ್ಕಾರದ ಉತ್ತರ. ಊರಿನ ಶಾಲೆ ಯಾವಾಗ ಬಂತು, ಸೇತುವೆ ಯಾಕೆ ತಡವಾಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ತಾಲ್ಲೂಕಿನ ಹೆಸರು ಹಿಡಿದು ವರ್ಷವರ್ಷದ ಸಂಪುಟ ತಿರುವಬೇಕು, ಬೇರೆ ದಾರಿಯಿಲ್ಲ.

ನಿಯತಕಾಲಿಕೆಗಳಲ್ಲಿ ಪ್ರಬುದ್ಧ ಕರ್ನಾಟಕ, ಮಿಥಿಕ್ ಸೊಸೈಟಿಯ ತ್ರೈಮಾಸಿಕ, ಸಾಹಿತ್ಯ ಪರಿಷತ್ ಪತ್ರಿಕೆ, ಇತಿಹಾಸ ದರ್ಶನ ಇವುಗಳ ಹಳೆಯ ಸಂಚಿಕೆಗಳ ವಿಷಯಸೂಚಿಯನ್ನಷ್ಟೇ ಮೊದಲು ಫೋಟೋ ತೆಗೆದುಕೊಂಡು ಮನೆಯಲ್ಲಿ ಓದಿ. ಕಾಲ ಉಳಿಯುತ್ತದೆ.

ಕಾಲೇಜಿನ ವಾರ್ಷಿಕ ಸಂಚಿಕೆ, ಎನ್‌ಎಸ್‌ಎಸ್ ಶಿಬಿರದ ಗ್ರಾಮ ಸಮೀಕ್ಷೆ, ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧ ಇವು ಆ ಒಂದೇ ಗ್ರಂಥಾಲಯದಲ್ಲಿ ಮಾತ್ರ ಇರುವಂಥವು. ಬರಹದ ಗುಣಮಟ್ಟ ಏರುಪೇರಾದರೂ ಮೂವತ್ತು ವರ್ಷ ಹಿಂದೆ ಬದುಕಿದ್ದ ಹಿರಿಯರ ಹೇಳಿಕೆ, ಈಗ ಬಿದ್ದುಹೋದ ಗುಡಿಯ ಚಿತ್ರ ಅಲ್ಲಿ ಸಿಗಬಹುದು.

ಕಾಲೇಜಿನ ಮೂಲಕ ಸಿಗುವ ಡಿಜಿಟಲ್ ದಾರಿ

ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಎನ್-ಲಿಸ್ಟ್‌ಗೆ ಕಾಲೇಜು ಸದಸ್ಯವಾಗಿದ್ದರೆ ವಿದ್ಯಾರ್ಥಿ, ಅಧ್ಯಾಪಕರಿಗೆ ಗ್ರಂಥಪಾಲಕರು ಲಾಗಿನ್ ಕೊಡಿಸುತ್ತಾರೆ. ಗ್ರಂಥಾಲಯಗಳ ಜಾಲವಾದ ಡೆಲ್‌ನೆಟ್ ಇದ್ದರೆ ಬೇರೆ ಗ್ರಂಥಾಲಯದ ಪುಸ್ತಕವನ್ನೂ ತರಿಸಬಹುದು. ಪಿಎಚ್‌.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾ ಎಲ್ಲರಿಗೂ ತೆರೆದಿದೆ. ಅಲ್ಲಿರುವ ಕನ್ನಡ ಪ್ರಬಂಧಗಳಲ್ಲಿ ಬಹಳಷ್ಟು ಪುಟದ ಚಿತ್ರಗಳು, ಒಳಗಿನ ಪದ ಹುಡುಕಲು ಆಗದು. ತಾಲ್ಲೂಕಿನ ಹೆಸರನ್ನು ಕನ್ನಡದಲ್ಲೂ ರೋಮನ್ನಿನಲ್ಲೂ ಹಾಕಿ ಶೀರ್ಷಿಕೆ ಹುಡುಕಿ, ಸಿಕ್ಕ ಪ್ರಬಂಧದ ಗ್ರಂಥಋಣ ಪಟ್ಟಿಯನ್ನು ಮೊದಲು ಓದಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ರೈಸ್ ಸಂಪುಟಗಳಿವೆ. ಕೆಲವು ಪ್ರತಿಗಳಲ್ಲಿ ಪುಟಗಳು ಬಿಟ್ಟುಹೋಗಿವೆ, ಮಡಚಿದ ನಕ್ಷೆ ಮಡಚಿದಂತೆಯೇ ಸ್ಕ್ಯಾನ್ ಆಗಿದೆ. ಕಾಲೇಜಿನ ಮುದ್ರಿತ ಪ್ರತಿಯ ಬೆಲೆ ಆಗ ಗೊತ್ತಾಗುತ್ತದೆ. ಱ, ೞ ಅಕ್ಷರಗಳಿರುವ ಪದವನ್ನು ಯಂತ್ರ ಸರಿಯಾಗಿ ಗುರುತಿಸದು. ಹುಡುಕಿದಾಗ ಬರಲಿಲ್ಲವೆಂದರೆ ಇಲ್ಲವೆಂದಲ್ಲ.

ಟಿಪ್ಪಣಿ ಮತ್ತು ಫೋಟೋ

ಒಂದು ಸಂಗತಿಗೆ ಒಂದು ಚೀಟಿ. ಮೇಲೆ ಸಂಗತಿ, ಕೆಳಗೆ ಗ್ರಂಥ, ಆವೃತ್ತಿ, ವರ್ಷ, ಶಾಸನ ಸಂಖ್ಯೆ ಅಥವಾ ಪುಟ, ಗ್ರಂಥಾಲಯದ ಪರಿಗ್ರಹಣ ಸಂಖ್ಯೆ, ನೋಡಿದ ತಾರೀಖು. ನಿಮ್ಮ ಊಹೆಯನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಹಾಗೆ ಮಾಡದಿದ್ದರೆ ವರ್ಷದೊಳಗೆ ನಿಮ್ಮ ಊಹೆಯೇ ಶಾಸನದ ಮಾತಿನಂತೆ ಕಾಣತೊಡಗುತ್ತದೆ.

ಫೋನಿನಲ್ಲಿ ತೆಗೆಯುವಾಗ ಮೊದಲು ಶೀರ್ಷಿಕೆ ಪುಟ, ಅದರ ಹಿಂಬದಿ, ಆಮೇಲೆ ಬೇಕಾದ ಪುಟಗಳು, ಪುಟಸಂಖ್ಯೆ ಕಾಣುವಂತೆ. ಹಳೆಯ ಪುಸ್ತಕವನ್ನು ಜೆರಾಕ್ಸ್ ಯಂತ್ರದ ಮೇಲೆ ಒತ್ತಿದರೆ ಬೆನ್ನು ಬಿರಿಯುತ್ತದೆ. ಫ್ಲಾಶ್ ಆರಿಸಿ, ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆಯುವುದೇ ಲೇಸು.

ಗ್ರಂಥಾಲಯದಿಂದ ಹೊರಗೆ

ಭೂಗೋಳ ವಿಭಾಗದಲ್ಲಿ ಸರ್ವೆ ಆಫ್ ಇಂಡಿಯಾ ನಕ್ಷೆಗಳಿರುತ್ತವೆ. ಮೈಲಿಗೆ ಒಂದು ಇಂಚಿನ ಹಳೆಯ ಹಾಳೆ ಸಿಕ್ಕರೆ ಬಿಡಬೇಡಿ. ಅದರಲ್ಲಿ ಪಾಳು ಊರು, ಗುಡಿ, ಹಳೆಯ ಗಾಡಿದಾರಿ ಗುರುತಾಗಿವೆ. ಶಾಸನದ ಗಡಿಯನ್ನು ಈ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಎಳೆದು, ರಾಜ್ಯ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನ ಸರ್ವೆ ನಂಬರಿನೊಂದಿಗೆ ತಾಳೆ ಮಾಡಿ, ಆಮೇಲೆ ಸ್ಥಳಕ್ಕೆ ಹೋಗಿ. ಕಲ್ಲು ರೈಸ್ ಹೇಳಿದ ಜಾಗದಲ್ಲೇ ಇರುತ್ತದೆಂದು ಭಾವಿಸಬೇಡಿ. ರಸ್ತೆ ಅಗಲಿಸುವಾಗ ಶಾಲೆಯ ಅಂಗಳಕ್ಕೋ ಬಸ್ ನಿಲ್ದಾಣದ ಹಿಂದಕ್ಕೋ ಸರಿದಿರಬಹುದು, ತೂಬಿನ ಚಪ್ಪಡಿಯಾಗಿಯೂ ಸೇರಿರಬಹುದು. ಓದಲು ಎಣ್ಣೆ, ಬಣ್ಣ, ತಂತಿ ಬ್ರಷ್ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ.

ಅಚ್ಚಾಗದ ದಾಖಲೆಗಳ ಸರದಿ ಕೊನೆಗೆ. ಮೈಸೂರು ಭಾಗಕ್ಕೆ ವಿಧಾನಸೌಧದ ರಾಜ್ಯ ಪತ್ರಾಗಾರ, ಮುಂಬಯಿ ಭಾಗಕ್ಕೆ ಮುಂಬಯಿ, ಮದರಾಸು ಭಾಗಕ್ಕೆ ಚೆನ್ನೈನ ಎಗ್ಮೋರ್, ನಿಜಾಮ ಭಾಗಕ್ಕೆ ಹೈದರಾಬಾದ್. ಕರಾವಳಿಯ ಬಾಸೆಲ್ ಮಿಷನ್ ಶಾಲೆ, ಹೆಂಚಿನ ಕಾರ್ಖಾನೆಗಳ ಕಾಗದಪತ್ರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಅಲ್ಲಿನ ಹಳೆಯ ಛಾಯಾಚಿತ್ರಗಳು ಅಂತರ್ಜಾಲದಲ್ಲೂ ನೋಡಸಿಗುತ್ತವೆ. ಕಾಲೇಜಿನ ಕೆಲಸ ಮುಗಿಸದೆ ಇಲ್ಲಿಗೆ ಹೋದರೆ ಯಾವ ಕಡತ ಕೇಳಬೇಕೆಂಬುದೇ ತಿಳಿಯುವುದಿಲ್ಲ. ವರ್ಷ, ಇಲಾಖೆ, ತಾಲ್ಲೂಕು ಈ ಮೂರೂ ಕೈಯಲ್ಲಿದ್ದಾಗ ಹೋಗಿ.

ಬರೆಯುವಾಗ ಸ್ಥಳಪುರಾಣವನ್ನು ಬಿಡಬೇಕಾಗಿಲ್ಲ, ಊರಿನವರಿಂದ ಕೇಳಿ ಬರೆಸಿದ ಹಳೆಯ ಸ್ಥಳವೃತ್ತಾಂತಗಳಾದ ಕೈಫಿಯತ್ತುಗಳನ್ನೂ ಬಿಡಬೇಕಾಗಿಲ್ಲ. ಅವನ್ನು ಜನ ತಮ್ಮ ಊರಿನ ಬಗ್ಗೆ ಹೇಳಿಕೊಂಡ ಮಾತಾಗಿ ಪ್ರತ್ಯೇಕ ಅಧ್ಯಾಯದಲ್ಲಿಡಿ, ಶಾಸನದ ವರ್ಷಕ್ಕೆ ಗಂಟುಹಾಕಬೇಡಿ. ಗುಡಿಯ ಕಾಲವನ್ನು ಶಾಸನದ ಕಾಲದಿಂದ ಹೇಳುವಾಗ ಒಂದು ಎಚ್ಚರ: ದಾನಶಾಸನ ಹೇಳುವುದು ಆ ವರ್ಷಕ್ಕೆ ಗುಡಿ ಇತ್ತು ಎಂದಷ್ಟೇ, ಆ ವರ್ಷ ಕಟ್ಟಿದರು ಎಂದಲ್ಲ. ಅಚ್ಚಾದ ಮೇಲೆ ಎರಡು ಪ್ರತಿಗಳನ್ನು ಅದೇ ಗ್ರಂಥಾಲಯಕ್ಕೆ ಕೊಡಿ, ಪರಿಗ್ರಹಣ ದಾಖಲೆಗೆ ಏರಿಸಿದ ಸಂಖ್ಯೆಯನ್ನು ಅಲ್ಲೇ ನಿಂತು ಬರೆದುಕೊಳ್ಳಿ.